ಗಾಜಿನಡಿಯ ತುಳಸಿ

ತಮ್ಮ ವಾಸುದೇವ ತೀರಿಕೊಂಡ ಸುದ್ದಿ ಜನಾರ್ದನ ಭಟ್ಟರಿಗೆ ತಿಳಿದದ್ದು ಬೆಳಗಿನ ಮಂಗಳಾರತಿ ಮುಗಿದ ಮೇಲೆ. ಅದಕ್ಕೆ ಬಹಳ ಮೊದಲೇ ಊರಲ್ಲಿ ಇಬ್ಬರಿಗೆ ಅದು ತಿಳಿದಿತ್ತು.

ಕಕ್ಕಬೆಯಿಂದ ಮೇಲಕ್ಕೆ ಏಲಕ್ಕಿ ತೋಟಗಳ ನಡುವೆ ಹೋಗುವ ಒಳದಾರಿಯಲ್ಲಿ ಒಂದು ಸಣ್ಣ ವಿಷ್ಣುಗುಡಿ. ಭಟ್ಟರು ಅದರ ಅರ್ಚಕರು. ಅವರ ಅಪ್ಪನೂ ಅಲ್ಲೇ ಪೂಜೆ ಮಾಡಿದವರು. ಆ ದಿನ ಕಮಿಟಿಯ ಅಧ್ಯಕ್ಷ ನಾಣಯ್ಯ ಗೌಡರು ಎಂದಿನಂತೆ ಒಳಗೆ ಬಂದು ಗಂಟೆ ಹೊಡೆಯಲಿಲ್ಲ. ಹೂವು ಕಡಿಮೆಯಾಯಿತು ಎಂದು ತಗಾದೆ ತೆಗೆಯಲಿಲ್ಲ. ಹೊರಗಿನ ಮೆಟ್ಟಿಲ ಬಳಿ ಕೈಕಟ್ಟಿ ನಿಂತರು. ಭಟ್ಟರು ತೀರ್ಥ ಹಿಡಿದು ಬಂದಾಗಲೂ ಕೈ ಚಾಚಲಿಲ್ಲ.

"ಪೂಜೆ ಪೂರ್ತಿ ಆತಾ ಭಟ್ರೆ?"

"ಆಯಿತು. ಯಾಕೆ?"

"ನೈವೇದ್ಯ, ಆರತಿ, ಎಲ್ಲ?"

"ಎಲ್ಲ ಆಯಿತು ಮಾರಾಯರೆ. ಎಂತ ವಿಷಯ?"

"ಹಂಗಾರೆ ಬಾಗಿಲು ಹಾಕಿ ಬನ್ನಿ," ಎಂದರು ನಾಣಯ್ಯ. "ವಾಸು ಮಾಷ್ಟ್ರು ಹೋದೊ."

ಸೂತಕ ಕಿವಿಗೆ ಬಿದ್ದ ಗಳಿಗೆಯಿಂದ ಶುರು. ಕೇಳಿದ ಮೇಲೆ ಅರ್ಚಕ ಗರ್ಭಗುಡಿಯಲ್ಲಿ ನಿಲ್ಲುವಂತಿಲ್ಲ. ಅರ್ಧ ಪೂಜೆಯಾಗಿದ್ದರೆ ಅರ್ಧಕ್ಕೇ ನಿಲ್ಲಬೇಕು, ದೇವರು ಉಪವಾಸ ಕೂರಬೇಕು. ಅದಕ್ಕಾಗಿ ಆ ಸೀಮೆಯಲ್ಲಿ ಅರ್ಚಕರ ಮನೆಯ ಸಾವನ್ನು ಪೂಜೆ ಮುಗಿಯುವವರೆಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾಣಯ್ಯ ಮಾಡಿದ್ದು ಧರ್ಮದ ಮಾತೇ. ಭಟ್ಟರಿಗೂ ಅದು ಗೊತ್ತು. ಆದರೂ ಬಾಗಿಲಿಗೆ ಬೀಗ ಹಾಕುವಾಗ ಅವರ ಮನಸ್ಸಿನಲ್ಲಿ ಒಂದು ಮುಳ್ಳು ಕೂತಿತು. ತಾನು ಒಳಗೆ ಗಂಟೆ ಅಲ್ಲಾಡಿಸುತ್ತಿದ್ದ ಅಷ್ಟು ಹೊತ್ತು ತಮ್ಮನ ಮನೆಯಲ್ಲಿ ಯಾರಿದ್ದರು?

ಇದ್ದವಳು ತನ್ಮಯೀ. ಭಟ್ಟರ ಹೆಂಡತಿ ಗೋಮತಿಯ ಅಕ್ಕನ ಮಗಳು, ಮಡಿಕೇರಿಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ. ರಜೆ ಸಿಕ್ಕಿದರೆ ಚಿಕ್ಕಮ್ಮನ ಮನೆಗೆ ಬರುವಳು. ಬಂದರೆ ಹೆಚ್ಚು ಹೊತ್ತು ವಾಸುದೇವನ ಮನೆಯಲ್ಲಿ. ಆ ಬೆಳಿಗ್ಗೆ ಚಿಕ್ಕಮ್ಮ ಕೊಟ್ಟ ದೋಸೆಯ ಡಬ್ಬಿ ಹಿಡಿದು ಹೋದವಳಿಗೆ ವಾಸುದೇವ ಮೇಜಿನ ಮೇಲೆ ತಲೆಯಿಟ್ಟು ಮಲಗಿದಂತೆ ಕಂಡ. ಮೈ ತಣ್ಣಗಾಗಿತ್ತು. ಅವಳು ನಾಣಯ್ಯನಿಗೆ ಫೋನ್ ಮಾಡಿದಳು. ನಾಪೋಕ್ಲುವಿನಿಂದ ಬಂದ ಡಾಕ್ಟರು ನೋಡಿ, ನಿನ್ನೆ ಸಂಜೆಯೇ ಹೃದಯ ನಿಂತಿದೆ ಎಂದರು.

ಭಟ್ಟರು ತಮ್ಮನ ಕೋಣೆಗೆ ಹೋದಾಗ ದೇಹವನ್ನು ಚಾವಡಿಗೆ ತಂದಾಗಿತ್ತು. ಕೋಣೆಯಲ್ಲಿ ಮೇಜು, ಅದರ ಮೇಲೆ ಸೂಕ್ಷ್ಮದರ್ಶಕ. ಅದರ ಅಡಿಯ ಪುಟ್ಟ ದೀಪ ಹಗಲಲ್ಲೂ ಉರಿಯುತ್ತಲೇ ಇತ್ತು. ದೀಪದ ಮೇಲೆ ಗಾಜಿನ ಪಟ್ಟಿ ಇರಬೇಕಾದ ಜಾಗ ಖಾಲಿ. ಕ್ಯಾಮೆರಾ ಕಾಣಲಿಲ್ಲ. ಕಿಟಕಿಯ ದಂಡೆಯ ಮೇಲೆ ಗುಡಿಯ ತೀರ್ಥದ ಗಿಂಡಿ, ತೊಳೆದು ಬೋರಲು ಹಾಕಿದ್ದು. ಹಿಂದಿನ ಸಂಜೆ ಗೋಮತಿ ಅದರಲ್ಲೇ ತೀರ್ಥ ತಂದು ಬಾಗಿಲಲ್ಲೇ ಕೊಟ್ಟು ಮರಳಿದ್ದಳು.

ಸತ್ತವನು ಎದ್ದು ಗಿಂಡಿ ತೊಳೆಯುವುದಿಲ್ಲ.

ಭಟ್ಟರು ಆ ಮಾತನ್ನು ಯಾರಲ್ಲೂ ಆಡಲಿಲ್ಲ. ಮಗ ವಿವೇಕ್ ಮಡಿಕೇರಿಯ ಕೋರ್ಟಿನ ಕೆಲಸದಿಂದ ಓಡಿ ಬಂದು ಚಿಕ್ಕಪ್ಪನಿಗೆ ಕೊಳ್ಳಿಯಿಟ್ಟ. ವಾಸುದೇವ ಮದುವೆಯಾದವನಲ್ಲ. ಆ ದಿನ ಹಾಗೆ ಕಳೆಯಿತು.

ಮರುದಿನ ಅಂಗಳ ಗುಡಿಸುವ ಲಿಂಗಿ ತಾನಾಗಿಯೇ ಒಂದು ಮಾತು ಹೇಳಿದಳು. ಮಾಷ್ಟ್ರ ಮನೆಯಿಂದ ಕಾಲೇಜಿನ ಅಕ್ಕ ಕೈಚೀಲ ತುಂಬಿಸಿಕೊಂಡು ಹಿಂದಿನ ಬಾಗಿಲಿಂದ ಬಂದದ್ದನ್ನು ಅವಳು ಕಂಡಿದ್ದಳು. ಆಗ ಇನ್ನೂ ಗುಡಿಯ ಗಂಟೆ ಕೇಳುತ್ತಿತ್ತಂತೆ. ಅಕ್ಕ ನಲ್ಲಿಯ ಕೆಳಗೆ ಏನನ್ನೋ ತಿಕ್ಕಿ ತಿಕ್ಕಿ ತೊಳೆದಳಂತೆ.

ಗಂಟೆ ಕೇಳುತ್ತಿತ್ತು ಎಂಬ ಮಾತು ಭಟ್ಟರನ್ನು ಬಿಡಲಿಲ್ಲ.

ಅವರಿಗೆ ಹೀಗೆ ಸಂಶಯ ಬರಲು ಕಾರಣವಿತ್ತು. ವಾಸುದೇವ ಸರ್ಕಾರಿ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದು ನಿವೃತ್ತನಾದವನು. ಬಂದ ಹಣದಲ್ಲಿ ಬೇರೆಯವರು ಕಾರು ಕೊಂಡರೆ ಇವನು ಒಂದು ಕ್ಯಾಮೆರಾ, ಒಂದು ಉದ್ದ ಮೂತಿಯ ಲೆನ್ಸು, ಒಂದು ಸೂಕ್ಷ್ಮದರ್ಶಕ ಕೊಂಡ. ಕಾಫಿ ಗಿಡದ ಬುಡದಲ್ಲಿ ಮಕಾಡೆ ಮಲಗಿ ಇರುವೆಯ ಚಿತ್ರ ತೆಗೆಯುವನು. ತೋಟದ ಕೆಲಸದವರು ಮಾಷ್ಟ್ರು ಬಿದ್ದರೆಂದು ಎತ್ತಲು ಓಡಿ ಬಂದದ್ದೂ ಉಂಟು. ಭಟ್ಟರು ಅದನ್ನೆಲ್ಲ ನಗುತ್ತಲೇ ನೋಡಿದ್ದರು.

ನಗು ನಿಂತದ್ದು ಕಳೆದ ಬೇಸಿಗೆಯಲ್ಲಿ. ಗುಡಿಯ ಹಿಂದಿನ ಸಭಾಂಗಣದಲ್ಲಿ ಮಕ್ಕಳ ಶಿಬಿರ ನಡೆದಾಗ ವಾಸುದೇವ ಗೋಡೆಯ ಮೇಲೆ ಚಿತ್ರ ತೋರಿಸಿದ. ಅದು ಗುಡಿಯ ಕೆರೆಯ ನೀರಿನ ಒಂದು ಹನಿ. ಅದರಲ್ಲಿ ಒಂಟಿಗಣ್ಣಿನ ಜೀವಗಳು, ಮೈ ಪಾರದರ್ಶಕ, ಬಾಯಿಯ ಸುತ್ತ ತಿರುಗುವ ಕೂದಲು. ಮಕ್ಕಳು ಕೇಕೆ ಹಾಕಿದರು. ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿದರು. ಅದಾದ ಎರಡನೆಯ ದಿನ ಹೋಮ್‌ಸ್ಟೇಯಿಂದ ಪೂಜೆಗೆ ಬಂದ ಒಂದು ಹೆಂಗಸು ತೀರ್ಥಕ್ಕೆ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ತೀರ್ಥದ ನೀರು ಕೆರೆಯದಲ್ಲ, ಬಾವಿಯದು ಎಂದು ಭಟ್ಟರು ಹೇಳಬಹುದಿತ್ತು. ಹೇಳಲಿಲ್ಲ. ಉದ್ಧರಣೆಯಲ್ಲಿದ್ದ ತೀರ್ಥ ಅಲ್ಲೇ ನಿಂತಿತು.

ಆ ಸಂಜೆ ಅವರು ತಮ್ಮನ ಮನೆಗೆ ಹೋಗಿ, ಕೂರದೆಯೇ ಹೇಳಿದ್ದರು:

"ನನ್ನ ತೀರ್ಥದ ಒಂದು ಹನಿ ನಿನ್ನ ಗಾಜಿನ ಮೇಲೆ ಬೀಳಕೂಡದು. ಬಿದ್ದ ದಿನ ನಾವು ಅಣ್ಣತಮ್ಮಂದಿರಲ್ಲ."

"ಬೀಳುವುದಿಲ್ಲ ಅಣ್ಣ," ಎಂದಿದ್ದ ವಾಸುದೇವ. "ನನಗೆ ತೀರ್ಥ ಬೇಕಾದದ್ದು ಬೇರೆಯದಕ್ಕೆ."

ಆ ಮಾತಿನಲ್ಲೂ ಭಟ್ಟರು ಕುಹಕ ಹುಡುಕಿದರು. ಅಲ್ಲಿಂದ ಮುಂದೆ ತೀರ್ಥವನ್ನು ತಮ್ಮ ಕೈಯಾರೆ ಕೊಡಲಿಲ್ಲ. ಮಂಡಿನೋವಿನಿಂದ ವಾಸುದೇವನಿಗೆ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ದಿನವೂ ಸಂಜೆ ಗೋಮತಿಯೇ ಗಿಂಡಿಯಲ್ಲಿ ಒಂದು ಉದ್ಧರಣೆ ತೀರ್ಥ, ಒಂದು ತುಳಸಿ ದಳ ಒಯ್ದು ಕೊಡುತ್ತಿದ್ದಳು.

ಈಗ ಎಲ್ಲ ಒಂದಕ್ಕೊಂದು ಕೂಡಿ ಬಂತು. ಉರಿಯುವ ದೀಪ, ಕಾಣೆಯಾದ ಗಾಜು, ತೊಳೆದ ಗಿಂಡಿ. ತಮ್ಮ ಮಾತು ಮುರಿದಿದ್ದಾನೆ. ಕೊನೆಯ ತೀರ್ಥ ಅವನ ಗಂಟಲಿಗೆ ಇಳಿಯಲಿಲ್ಲ, ಗಾಜಿಗೆ ಬಿತ್ತು. ತನ್ಮಯೀಯೇ ಅವನಿಗೆ ತಲೆ ತುಂಬಿರಬೇಕು. ಕ್ಯಾಮೆರಾವನ್ನು ಅವಳೇ ಒಯ್ದಿದ್ದಾಳೆ. ಆ ಚಿತ್ರಗಳು ನಾಳೆ ಊರಿನವರ ಫೋನಿನಲ್ಲಿ ತಿರುಗುತ್ತವೆ.

ಸೂತಕದ ದಿನಗಳಲ್ಲಿ ಬೇರೆ ಅರ್ಚಕರು ಬಂದು ಪೂಜೆ ನಡೆಸಿದರು. ಭಟ್ಟರಿಗೆ ಮನೆಯಲ್ಲಿ ಕೂತು ನೋಡುವುದಷ್ಟೇ ಕೆಲಸ. ನೋಡಿದಷ್ಟೂ ಕಂಡಿತು. ತನ್ಮಯೀ ರಜೆ ಹಾಕಿ ಉಳಿದಿದ್ದಳು. ಅವರು ಅಡುಗೆಮನೆಗೆ ಕಾಲಿಟ್ಟರೆ ಅವಳೂ ಗೋಮತಿಯೂ ಮಾತು ನಿಲ್ಲಿಸುವರು. ಲ್ಯಾಪ್‌ಟಾಪ್ ತೆರೆದು ಕೂತವಳು ಇವರ ನೆರಳು ಬಿದ್ದರೆ ಮುಚ್ಚುವಳು. ಒಮ್ಮೆ ನಾಣಯ್ಯನನ್ನೇ ಅಡ್ಡಗಟ್ಟಿ ಕೇಳಿದರು, ಆ ಬೆಳಿಗ್ಗೆ ವಾಸುವಿನ ಕೋಣೆಯಲ್ಲಿ ಏನಿತ್ತು ಎಂದು.

"ಎಂಥದೂ ಇಲ್ಲೆ ಭಟ್ರೆ. ಸತ್ತವರ ಕೋಣೆಲಿ ಎಂಥ ಉಟ್ಟು ನೋಡಿಕೆ?" ಎಂದು, ನೋಡಲು ಏನುಂಟು ಎಂಬಂತೆ ಕೈ ಕೊಡವಿ ನಾಣಯ್ಯ ಜೀಪು ಹತ್ತಿದರು. ನೋಡದೇ ಇದ್ದವನು ಅಷ್ಟು ಬೇಗ ಜೀಪು ಹತ್ತುವುದಿಲ್ಲ.

ಗೋಮತಿಯಲ್ಲಿ ಕೇಳಿದಾಗ ಅವಳು ಅಕ್ಕಿ ಆರಿಸುವ ಮೊರದಿಂದ ತಲೆಯೆತ್ತಲಿಲ್ಲ. "ನೀವೇ ಅವಳನ್ನು ಕೇಳಿ. ಆ ಹುಡುಗಿ ಊಟ ಬಿಟ್ಟು ಕೂತಿದೆ. ನಿಮಗೆ ಅದು ಕಂಡಿತಾ?" ಎಂದಳು. ಕಂಡಿತ್ತು. ತಪ್ಪು ಮಾಡಿದವರಿಗೆ ಊಟ ಸೇರುವುದಿಲ್ಲ ಎಂದು ಅವರು ಲೆಕ್ಕ ಹಾಕಿದ್ದರು.

ಇದಕ್ಕಿಂತ ಕಷ್ಟವಾದದ್ದು ಇನ್ನೊಂದು. ದಿನವೂ ತಮ್ಮನ ಹೆಸರಿನಲ್ಲಿ ದೀಪವಿಟ್ಟು ಅವನಿಗೆ ಸದ್ಗತಿ ಕೊಡು ಎಂದು ಕೇಳಲು ಕೈ ಜೋಡಿಸುವರು. ಅಷ್ಟರಲ್ಲಿ ಗಾಜಿನ ಆ ಖಾಲಿ ಜಾಗ ಕಣ್ಣಮುಂದೆ ಬರುವುದು. ನಲವತ್ತು ವರ್ಷ ಬೇರೆಯವರ ಸತ್ತವರಿಗಾಗಿ ಪ್ರಾರ್ಥಿಸಿದ ನಾಲಗೆ ಸ್ವಂತ ತಮ್ಮನಿಗೆ ಏಳಲಿಲ್ಲ. ವಾಸು ತೀರ್ಥ ಕುಡಿದು ಹೋದನೆ, ತೀರ್ಥವನ್ನು ಪರೀಕ್ಷಿಸಿ ಹೋದನೆ? ಇದೊಂದು ತಿಳಿಯದೆ ಅವರಿಗೆ ಅಳಲೂ ಆಗಲಿಲ್ಲ.

ಅಸ್ಥಿ ಬಿಡಲು ಭಾಗಮಂಡಲದ ಸಂಗಮಕ್ಕೆ ಹೊರಡುವ ದಿನ ಭಟ್ಟರು ಒಂದು ನಿಶ್ಚಯ ಮಾಡಿದ್ದರು. ವಾಸುದೇವನ ಆ ಗಾಜುಗಳೂ ಅಸ್ಥಿಯ ಜೊತೆಗೇ ನೀರಿಗೆ ಹೋಗಲಿ. ಮನೆಯಲ್ಲಿ ಉಳಿಯುವುದು ಬೇಡ. ಸೂಕ್ಷ್ಮದರ್ಶಕವನ್ನು ಪೆಟ್ಟಿಗೆಯಲ್ಲಿಟ್ಟು ನಾಣಯ್ಯನ ಜೀಪಿಗೆ ಹೇರಲು ವಿವೇಕನಿಗೆ ಹೇಳಿದರು. ಕ್ಯಾಮೆರಾ, ಲೆನ್ಸು ಯಾರ ಹತ್ತಿರ ಇವೆಯೋ ಅವರು ತಂದುಕೊಡಲಿ ಎಂದು ಅಂಗಳಕ್ಕೆ ಕೇಳುವಂತೆ ಅಂದರು.

ತನ್ಮಯೀ ಒಳಗಿನಿಂದ ಆ ಕೈಚೀಲ ಹಿಡಿದು ಬಂದಳು. ತಂದು ಜಗಲಿಯ ಮೇಲಿಟ್ಟು ಅವರ ಎದುರು ನಿಂತಳು.

"ನೀರಿಗೆ ಹಾಕಿ ಚಿಕ್ಕಪ್ಪ. ಹಾಕುವ ಮೊದಲು ಒಮ್ಮೆ ನೋಡಿ. ನನಗೆ ಒಬ್ಬಳಿಗೇ ಇದನ್ನು ಹೊತ್ತುಕೊಂಡಿರಲಿಕ್ಕೆ ಆಗುವುದಿಲ್ಲ."

"ಆ ದಿನ ಅವನ ಕೋಣೆಯಿಂದ ಏನು ತೆಗೆದೆ?"

ಅವಳು ಹತ್ತಿಯಲ್ಲಿ ಸುತ್ತಿದ ಗಾಜಿನ ಪಟ್ಟಿಯನ್ನು ಬಿಚ್ಚಿ ತೋರಿಸಿದಳು. ಎರಡು ಗಾಜುಗಳ ನಡುವೆ ಒಣಗಿ ಕಪ್ಪಾದ ತುಳಸಿ ಎಲೆಯ ಒಂದು ಚೂರು.

ಭಟ್ಟರು ಬಾಗಿ ನೋಡಿದರು. ತಾನು ಎಣಿಸಿದ್ದೇ ಸರಿಯಾಯಿತು. ಸರಿಯಾದದ್ದಕ್ಕೆ ಸಮಾಧಾನವಾಗಲಿಲ್ಲ.

ತನ್ಮಯೀ ತಗ್ಗಿದ ದನಿಯಲ್ಲಿ ಎಲ್ಲ ಹೇಳಿದಳು. ಅಂದು ಸೂಕ್ಷ್ಮದರ್ಶಕದಲ್ಲಿ ಈ ಗಾಜು, ಅದರ ಕೊಳವೆಗೆ ಕೂರಿಸಿದ ಕ್ಯಾಮೆರಾ, ಪಕ್ಕದಲ್ಲಿ ತೀರ್ಥದ ಗಿಂಡಿ. ಊರಿನವರು ಒಳಗೆ ಬಂದರೆ ಮಾಷ್ಟ್ರು ತೀರ್ಥ ಪರೀಕ್ಷೆ ಮಾಡುತ್ತಲೇ ಸತ್ತರು, ದೇವರ ಶಾಪ ಎಂದು ಕತೆ ಕಟ್ಟುವರು ಎಂದು ಅವಳಿಗೆ ಹೆದರಿಕೆಯಾಯಿತು. ಅದಕ್ಕೆ ಗಾಜು, ಕ್ಯಾಮೆರಾ, ಲೆನ್ಸು ತೆಗೆದಳು, ಅವಸರದಲ್ಲಿ ದೀಪ ಆರಿಸಲು ಮರೆತಳು. ಗಿಂಡಿ ಗುಡಿಯದು, ಸಾವಿನ ಕೋಣೆಯಲ್ಲಿ ಇದ್ದದ್ದು ಎಂದು ತಿಕ್ಕಿ ತೊಳೆದಳು. ಬಾಯಿ ಬಿಡಬೇಡಿ ಎಂದು ನಾಣಯ್ಯನನ್ನು ಬೇಡಿಕೊಂಡಳು.

"ಅಂದರೆ ನಿನಗೂ ಗೊತ್ತಿತ್ತು. ಅವನು ಮಾತು ಮುರಿದ."

"ಗೊತ್ತಿಲ್ಲ ಚಿಕ್ಕಪ್ಪ. ನನಗೂ ಅದೇ ಸಂಶಯ. ಎಲೆ ಗಾಜಿನ ಮೇಲೆ ಒಣಗಬಾರದು ಅಂತ ಒಂದು ಹನಿ ನೀರು ಹಾಕಿಯೇ ಹಾಕ್ತೇವೆ. ಆ ಹನಿ ಯಾವುದು ಅಂತ ಎಷ್ಟು ಸಲ ನೋಡಿದರೂ ತಿಳಿಯಲಿಲ್ಲ."

ಅವಳಿಗೂ ಅದೇ ಸಂಶಯ ಎಂಬುದನ್ನು ಭಟ್ಟರು ಎಣಿಸಿರಲಿಲ್ಲ. ಅವರು ಜಗಲಿಯ ಮೇಲೆ ಕೂತರು. ತೋರಿಸು ಎಂದರು.

ಲ್ಯಾಪ್‌ಟಾಪಿನಲ್ಲಿ ಮೊದಲು ಬಂದದ್ದು ವಾಸುದೇವ ತೆಗೆದ ಕೊನೆಯ ಚಿತ್ರ. ಕಪ್ಪಿನ ನಡುವೆ ಒಂದು ಬೆಳಕಿನ ವೃತ್ತ, ವೃತ್ತದೊಳಗೆ ಹಸಿರು ನೆಲ, ನೆಲದ ಮೇಲೆ ಗಾಜಿನ ಮುಳ್ಳುಗಳು, ನಡುನಡುವೆ ಹೊಳೆಯುವ ಚಿನ್ನದ ಬಣ್ಣದ ಗುಳ್ಳೆಗಳು. ಭಟ್ಟರು ಬೆಚ್ಚಿದರು. ಇವು ಯಾವ ಪ್ರಾಣಿ ಎಂದು ಕೇಳಿದರು. ಪ್ರಾಣಿಯಲ್ಲ, ತುಳಸಿಯ ಮೈಕೂದಲು ಎಂದಳು ತನ್ಮಯೀ. ಆ ಗುಳ್ಳೆಗಳಲ್ಲಿ ಅದರ ಎಣ್ಣೆ ಇರುತ್ತದೆ, ಪರಿಮಳ ಬರುವುದು ಅಲ್ಲಿಂದಲೇ. ದಿನವೂ ಬೆರಳಲ್ಲಿ ಚಿವುಟುವ ಎಲೆಯನ್ನು ಭಟ್ಟರು ಗುರುತು ಹಿಡಿಯದೆ ನೋಡಿದರು.

"ಇದಕ್ಕೆ ನೆರಳೇ ಇಲ್ಲವಲ್ಲ," ಎಂದರು. ನೆರಳಿಲ್ಲದ್ದನ್ನು ಕಂಡರೆ ಅವರಿಗೆ ಮೊದಲಿನಿಂದಲೂ ಅಂಜಿಕೆ.

"ಬೆಳಕು ಅಡಿಯಿಂದ ಬರ್ತದೆ, ಎಲೆಯನ್ನು ತೂರಿಕೊಂಡು. ಅದಕ್ಕೆ ನೆರಳಿಲ್ಲ. ಇದು ಮೈಕ್ರೋ. ಕ್ಯಾಮೆರಾದ ಲೆನ್ಸ್ ಕಳಚಿ ಬರೀ ಮೈಯನ್ನು ಸೂಕ್ಷ್ಮದರ್ಶಕಕ್ಕೆ ಕೂರಿಸಿ ತೆಗೆದದ್ದು. ಬೇಸಿಗೆಯಲ್ಲಿ ತೋರಿಸಿದ ಕೆರೆಯ ಜೀವಗಳೂ ಹೀಗೇ ತೆಗೆದದ್ದು. ನಮ್ಮ ಕಣ್ಣು ಎಷ್ಟು ಕಷ್ಟಪಟ್ಟರೂ ಇದು ಕಾಣುವುದಿಲ್ಲ." ಅವಳು ಚೀಲದಿಂದ ಆ ಉದ್ದ ಮೂತಿಯ ಲೆನ್ಸನ್ನು ಹೊರಗೆ ತೆಗೆದಳು. "ಇದು ಮ್ಯಾಕ್ರೋ. ಇದಕ್ಕೆ ಅಷ್ಟು ಶಕ್ತಿ ಇಲ್ಲ. ಗೇಣಿಗಿಂತ ಹತ್ತಿರ ಹೋಗಿ ಹಿಡಿದರೆ ಇರುವೆ ಎಷ್ಟು ಉದ್ದ ಉಂಟೋ ಅಷ್ಟೇ ಉದ್ದಕ್ಕೆ ಕ್ಯಾಮೆರಾದ ಒಳಗೆ ಬೀಳ್ತದೆ, ಒಂದಕ್ಕೆ ಒಂದು. ಆಮೇಲೆ ನಾವು ಪರದೆಯ ಮೇಲೆ ದೊಡ್ಡದು ಮಾಡಿ ನೋಡೋದು. ಕಣ್ಣಿಗೆ ಕಾಣುವುದನ್ನೇ ಇದು ತೋರಿಸೋದು. ನಾವು ನೋಡದೆ ಬಿಟ್ಟದ್ದನ್ನ."

"ಅವನು ಕೊನೆಗೆ ಇದರಲ್ಲಿ ಏನಾದರೂ ತೆಗೆದಿದ್ದನಾ?"

"ಒಂದು ಉಂಟು. ಎಲೆ ಗಾಜಿಗೆ ಹೋಗುವ ಸ್ವಲ್ಪ ಮೊದಲಿನದು. ಅದರಲ್ಲಿ ನನಗೆ ಏನೂ ಸಿಗಲಿಲ್ಲ."

ಚಿತ್ರ ಬಂತು. ಇದಕ್ಕೆ ಕಪ್ಪು ಅಂಚಿಲ್ಲ. ಪರದೆ ತುಂಬ ಒಂದು ಅಂಗೈಯ ನಡುಭಾಗ, ಕಿಟಕಿಯ ಕಡೆಯಿಂದ ಬಿದ್ದ ಸಂಜೆಯ ಬೆಳಕು. ಅಂಗೈಯ ಗೆರೆಗಳು ಉತ್ತ ಗದ್ದೆಯ ಹಾಗೆ ಕಂಡವು. ಅವುಗಳಿಗೆ ಅಡ್ಡವಾಗಿ ಒಂದು ಹಳೆಯ ಗಾಯದ ಕಲೆ. ಹಲಸಿನಹಣ್ಣು ಕೊಯ್ಯುವಾಗ ವಾಸುವಿನ ಕೈಗೆ ಕತ್ತಿ ತಾಗಿದ್ದು. ರಕ್ತ ನಿಲ್ಲದೆ ಭಟ್ಟರೇ ಅವನನ್ನು ಬೆನ್ನ ಮೇಲೆ ಹೊತ್ತು ಓಡಿದ್ದರು. ಆ ಕಲೆಯ ಮೇಲೆ ತುಳಸಿ ದಳ, ಒಂದು ಬದಿ ಹುಳು ತಿಂದದ್ದು, ಅದರ ನೆರಳು ಅಂಗೈಯ ಮೇಲೆ. ಗೆರೆಗಳಲ್ಲಿ ತೇವ ಮಾತ್ರ, ನೀರಿಲ್ಲ.

"ಇದೇನು?" ಎಂದರು ಭಟ್ಟರು. ಎಲೆಯ ತೊಟ್ಟಿನ ಬಳಿ ಒಂದು ಬಿಳಿ ಗೆರೆ ಬಾಗಿ ಅಂಗೈಗೆ ಅಂಟಿಕೊಂಡಿತ್ತು.

"ಕೂದಲು ಚಿಕ್ಕಪ್ಪ. ತೆಗೆದು ಹಾಕುವುದನ್ನು ಮರೆತಿದ್ದಾರೆ. ಮಾಷ್ಟ್ರು ಹಾಗೆ ಮರೆಯುವವರಲ್ಲ, ಎಲೆಯ ಮೇಲೆ ಧೂಳಿದ್ದರೂ ಬ್ರಶ್ಶಿನಿಂದ ತೆಗೀತಿದ್ರು."

"ದೊಡ್ಡದು ಮಾಡು."

ಅವಳು ದೊಡ್ಡದು ಮಾಡಿದಳು. ನೆರೆತ ಕೂದಲು, ಒದ್ದೆಯಾದದ್ದು. ಭಟ್ಟರ ಬಲಗೈ ತಾನಾಗಿ ಮೇಲೆದ್ದು, ನೆತ್ತಿಯ ಮೇಲೆ ಹೋಗಿ, ಹಿಂದಕ್ಕೆ ಜಾರಿ ಇಳಿಯಿತು. ತನ್ಮಯೀ ಅದನ್ನು ನೋಡಿದಳು. ಬಾಗಿಲಲ್ಲಿ ನಿಂತ ಗೋಮತಿಯೂ ನೋಡಿದಳು. ತೀರ್ಥ ಕುಡಿದವರು ಒದ್ದೆ ಕೈಯನ್ನು ಎಲ್ಲಿಗೆ ಒರೆಸುತ್ತಾರೆಂದು ಆ ಮನೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

"ಕುಡಿದಿದ್ದಾನೆ," ಎಂದರು ಭಟ್ಟರು. "ಕುಡಿದು ತಲೆಗೆ ಒರೆಸಿಕೊಂಡಿದ್ದಾನೆ. ಆಮೇಲೆ ದಳವನ್ನು ಕೈಯಲ್ಲಿಟ್ಟಿದ್ದಾನೆ. ಪರೀಕ್ಷೆಗೆ ಇಟ್ಟವನ ಅಂಗೈಗೆ ತಲೆಗೂದಲು ಬರುವುದಿಲ್ಲ."

ತನ್ಮಯೀ ಅಳುತ್ತಿದ್ದಳು. ಅಳುತ್ತಲೇ ಚಿತ್ರದ ಮೂಲೆಯನ್ನು ಬೆರಳಿನಿಂದ ತೋರಿಸಿದಳು. ಅಂಗೈಯ ಆಚೆ ಎಲ್ಲ ಮಸುಕು. ಈ ಲೆನ್ಸಿನಲ್ಲಿ ಅಕ್ಕಿಕಾಳಿನಷ್ಟು ಆಳ ಮಾತ್ರ ಸ್ಪಷ್ಟ ಬರುವುದು. ಮಸುಕಿನಲ್ಲಿ ಒಂದು ನೀಲಿ ಬೊಟ್ಟು. ಅದು ಮುಚ್ಚಳ ಇರಬೇಕು, ಗಾಜಿಗೆ ಹಾಕುವ ಶುದ್ಧ ನೀರಿನ ಬಾಟಲಿಯದು, ಈಗ ನೋಡಿದರೆ ಹಾಗೆ ಕಾಣುತ್ತದೆ ಎಂದಳು. ಜೀಪಿನ ಬಳಿ ಅಷ್ಟು ಹೊತ್ತು ಚಕ್ರದ ಗಾಳಿ ನೋಡುವವರಂತೆ ನಿಂತಿದ್ದ ನಾಣಯ್ಯ ಆಗ ಬಾಯಿಬಿಟ್ಟರು.

"ನೀಲಿ ಮುಚ್ಚಳ ಅಲ್ಲವಾ? ನಮ್ಮ ಜೀಪಿನ ಬ್ಯಾಟರಿಗೆ ತಂದ ನೀರು ಅದ್. ನನ್ನ ಕೈಯಿಂದ ಕಿತ್ಕಂಡು ಹೋದೊ ಮಾಷ್ಟ್ರು. 'ಅಣ್ಣನಿಗೆ ಮಾತು ಕೊಟ್ಟಿದ್ದೇನೆ ಗೌಡ್ರೆ, ನನಗೆ ಬೇರೆ ನೀರು ಬೇಕು' ಅಂದೊ. ನಂಗೆ ತಲೆಬುಡ ಗೊತ್ತಾಗಿತ್ತ್‌ಲ್ಲೆ."

"ಇದನ್ನು ಅಂದೇ ಹೇಳಬಾರದಿತ್ತಾ ಮಾರಾಯರೆ?"

"ನೀವು ಕೇಳಿದ್ದು ಕೋಣೆಲಿ ಎಂಥ ಉಟ್ಟುಂತ. ಬ್ಯಾಟರಿ ನೀರಿನ ವಿಷಯ ಕೇಳಿದ್ರೆ ಹೇಳ್ತಿದ್ದೆ," ಎಂದರು ನಾಣಯ್ಯ. ಗೋಮತಿ ಸೆರಗಿನಿಂದ ಕಣ್ಣೊರೆಸುತ್ತ ನಕ್ಕುಬಿಟ್ಟಳು. ಸಾವಾದ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು.

ಭಟ್ಟರು ಲೆನ್ಸನ್ನು ಕೈಗೆತ್ತಿಕೊಂಡರು. ಎಣಿಸಿದ್ದಕ್ಕಿಂತ ಭಾರವಾಗಿತ್ತು. ಪಂಚೆಯ ಅಂಚಿನಿಂದ ಅದರ ಮೈ ಒರೆಸಿ ತನ್ಮಯೀಯ ಮಡಿಲಿಗೆ ಇಟ್ಟರು. ಜೀಪಿನಿಂದ ಪೆಟ್ಟಿಗೆಯನ್ನು ಇಳಿಸಲು ವಿವೇಕನಿಗೆ ಹೇಳಿದರು. ಗಾಜಿನ ಪಟ್ಟಿಯನ್ನು ಮಾತ್ರ ಯಾರಿಗೂ ಕೊಡಲಿಲ್ಲ. ಎರಡು ಗಾಜುಗಳನ್ನು ಉಗುರಿನಿಂದ ಬಿಡಿಸಿ, ಆ ಒಣ ಚೂರನ್ನು ಬಾಳೆಲೆಯ ತುಂಡಿನಲ್ಲಿ ಮಡಿಚಿ, ಅಸ್ಥಿಯ ಮಡಕೆಯ ಜೊತೆ ಇಟ್ಟರು. ದೇವರ ಮೇಲಿಂದ ಬಂದ ನಿರ್ಮಾಲ್ಯ, ಹರಿಯುವ ನೀರಿಗೇ ಸೇರಬೇಕು. "ನೀನೂ ಬಾ ಮಗಾ," ಎಂದು ತನ್ಮಯೀಯನ್ನು ಕರೆದರು. ಊಟ ಮಾಡಿ ಹೊರಡು ಎಂದೂ ಹೇಳಿದರು.

ಸಂಗಮದಲ್ಲಿ ಮಳೆನೀರು ಇನ್ನೂ ಕೆಂಪಗಿತ್ತು. ವಿವೇಕ್ ಮೊಣಕಾಲುದ್ದದ ನೀರಿನಲ್ಲಿ ನಿಂತು ಅಸ್ಥಿ ಬಿಟ್ಟ. ಭಟ್ಟರು ಬಾಳೆಲೆ ಬಿಚ್ಚಿ ಆ ತುಳಸಿಯ ಚೂರನ್ನು ಅಂಗೈಯಲ್ಲಿಟ್ಟುಕೊಂಡು ನೀರಿಗೆ ಬಾಗಿದರು. ನೀರು ಬಂದು ಅದನ್ನು ಎತ್ತಿಕೊಂಡಿತು. ತನ್ನ ಕೈಯಾರೆ ಕೊಡದೆ ಉಳಿಸಿದ ಅಷ್ಟು ಸಂಜೆಗಳ ತೀರ್ಥವನ್ನು ಈಗ ಕೊಡುವ ದಾರಿ ಬೇರೆ ಇರಲಿಲ್ಲ. ಬೊಗಸೆ ತುಂಬ ನೀರೆತ್ತಿ ತಮ್ಮನ ಹೆಸರು ಹೇಳಿ ಬಿಟ್ಟರು. ಒದ್ದೆ ಕೈಯನ್ನು ತಲೆಗೆ ಒರೆಸಿಕೊಂಡರು. ಆಮೇಲೆ ಇಷ್ಟು ದಿನ ಏಳದಿದ್ದ ನಾಲಗೆ ತಾನಾಗಿ ಎದ್ದಿತು.

"ಸ್ವಾಮಿ, ನನ್ನ ತಮ್ಮ ವಾಸುದೇವ ನಿನ್ನ ತೀರ್ಥ ಕುಡಿದು ಬಂದಿದ್ದಾನೆ. ನಾನು ಸಂಶಯಪಟ್ಟೆ, ನೀನು ಪಡಬೇಡ. ನೀನು ಸಣ್ಣದಾಗಿ ಮಾಡಿದ್ದನ್ನೆಲ್ಲ ಅವನು ಮಂಡಿಯೂರಿ ನೋಡಿದ. ಅವನ ತಪ್ಪುಗಳಿದ್ದರೆ ಅಷ್ಟು ಹತ್ತಿರದಿಂದ ನೋಡಬೇಡ, ದೂರದಿಂದ ನೋಡಿ ಬಿಟ್ಟುಬಿಡು. ಅವನ ಮಂಡಿನೋವು ಅಲ್ಲಿ ಇಲ್ಲದಿರಲಿ. ಅವನಿಗೆ ನಿನ್ನ ಪಾದದ ಬಳಿ ಜಾಗ ಕೊಡು, ಶಾಂತಿ ಕೊಡು."